ಓದುಗರ ಪ್ರಶ್ನೆ, ನಮ್ಮ ಉತ್ತರ: ಹಲ್ಮಿಡಿಯ ಕಾಲದ ರೋಮ್, ಕಾಸಿನ ಸರದೊಳಗಿನ ರೋಮ್

ರೋಮನ್ ಸಾಮ್ರಾಜ್ಯದ ಕಡೆಗಾಲವನ್ನು ಸಂಶೋಧಕರು ಯಾವ ಆಧಾರಗಳ ಮೇಲೆ ಕಟ್ಟಿಕೊಡುತ್ತಾರೆ ಎಂಬ ಲೇಖನ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಅದರ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹಲ್ಮಿಡಿ ಶಾಸನ ಕ್ರಿ.ಶ. 450, ರೋಮ್ ಬಿದ್ದದ್ದು 476 ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಎರಡೂ ಒಂದೇ ಕಾಲದವು ಎಂದರೆ ಮಕ್ಕಳು ಬೆರಗಾಗುತ್ತಾರೆ. ನಮ್ಮೂರ ಪಕ್ಕದ ಕಲ್ಲು ಕೆತ್ತುವಾಗ ಅಲ್ಲಿ ಏನು ನಡೆಯುತ್ತಿತ್ತು? ಈ ಎರಡು ಇಸವಿಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಯಾವುದು?
(ಪ್ರೌಢಶಾಲಾ ಶಿಕ್ಷಕಿ, ಬೇಲೂರು)

ಉತ್ತರ: ಇಸವಿಯಾಗಿ ಗಟ್ಟಿಯಾದದ್ದು 476. ಆ ವರ್ಷ ಒಡೊವಾಕರ್ ಎಂಬ ದಂಡನಾಯಕ ಇಟಲಿಯಲ್ಲಿ ರೊಮುಲಸ್ ಅಗಸ್ಟುಲಸ್ ಎಂಬ ಎಳೆಯ ಚಕ್ರವರ್ತಿಯನ್ನು ಗದ್ದುಗೆಯಿಂದ ಇಳಿಸಿದ. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು 'ರೋಮ್ ಬಿತ್ತು' ಎನ್ನುವ ಮಾತಿನಲ್ಲಿ. ಸಾಮ್ರಾಜ್ಯ ಆಗ ಎರಡು ಭಾಗ: ಪಶ್ಚಿಮದ್ದು ಇಟಲಿಯಿಂದ, ಪೂರ್ವದ್ದು ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ನಡೆಯುತ್ತಿತ್ತು. ಕಾನ್‌ಸ್ಟಾಂಟಿನೋಪಲ್‌ನ ಅರಮನೆ ಪಶ್ಚಿಮದ ಚಕ್ರವರ್ತಿ ಎಂದು ಒಪ್ಪಿಕೊಂಡಿದ್ದ ಜೂಲಿಯಸ್ ನೆಪೋಸ್ 480ರವರೆಗೂ ಡಾಲ್ಮೇಷಿಯದಲ್ಲಿ (ಈಗಿನ ಕ್ರೊವೇಷಿಯದ ಕರಾವಳಿ) ಬದುಕಿದ್ದ. ಪೂರ್ವದ ರೋಮನ್ ಸಾಮ್ರಾಜ್ಯ 1453ರವರೆಗೂ ನಡೆಯಿತು. ಅಲ್ಲಿನವರು ಕೊನೆಯ ದಿನದವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. 'ಬೈಜಾಂಟಿನ್' ಎಂಬ ಹೆಸರನ್ನು ಅವರ ಮೇಲೆ ಹೊರಿಸಿದ್ದು 16ನೇ ಶತಮಾನದ ವಿದ್ವಾಂಸರು. ಅದಕ್ಕೇ ಸಂಶೋಧಕರು 476ನ್ನು ಗಡಿಗಲ್ಲು ಮಾಡಿಕೊಳ್ಳದೆ, ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ ಶುರುಮಾಡಿ 600ರ ಆಚೆಗೂ ಹೋಗುತ್ತಾರೆ. ಇತಿಹಾಸಕಾರ ಎ.ಎಚ್.ಎಂ. ಜೋನ್ಸ್ 1964ರ ತಮ್ಮ ಹೆಗ್ಗ್ರಂಥಕ್ಕೆ ಹಾಕಿಕೊಂಡ ಗಡಿ 284ರಿಂದ 602.

ಹಲ್ಮಿಡಿಯದು ಇದಕ್ಕೆ ತಿರುಗುಮುರುಗು. ಆ ಹದಿನಾರು ಸಾಲುಗಳಲ್ಲಿ ಇಸವಿಯೇ ಇಲ್ಲ. ಲಿಪಿಯ ತಿರುವು, ಭಾಷೆಯ ಹದ, ಕದಂಬ ಕಾಕುಸ್ಥನ ಹೆಸರು, ಇವನ್ನೆಲ್ಲ ಕೂಡಿಸಿ ನೋಡಿ 'ಸುಮಾರು 450' ಎಂದು ಗೊತ್ತುಮಾಡಿದ್ದಾರೆ. ಮಕ್ಕಳಿಗೆ ಹೇಳುವಾಗ ಆ 'ಸುಮಾರು' ಎಂಬ ಪದವನ್ನು ದಯವಿಟ್ಟು ಬಿಡಬೇಡಿ. ಇಸವಿ ಇಲ್ಲದ ಕಲ್ಲಿನಿಂದ ಕಾಲ ಹಿಂಡಿ ತೆಗೆಯುವುದೇ ಈ ವಿದ್ಯೆಯ ಅರ್ಧ ಕೆಲಸ.

ಇನ್ನು ಆ ಹೊತ್ತಿನ ರೋಮ್. ಪೂರ್ವಭಾಗವನ್ನು ನಲವತ್ತೆರಡು ವರ್ಷ ಆಳಿದ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ 450ರ ಜುಲೈನಲ್ಲಿ ಕುದುರೆಯಿಂದ ಬಿದ್ದು ಸತ್ತ. ಅವನ ಜಾಗಕ್ಕೆ ಬಂದವನು ಮಾರ್ಸಿಯನ್. ಮರುವರ್ಷ ಹೂಣರ ಅಟಿಲ ಈಗಿನ ಫ್ರಾನ್ಸಿಗೆ ನುಗ್ಗಿ ಕಟಲೌನಿಯನ್ ಬಯಲಿನಲ್ಲಿ ತಡೆಯಲ್ಪಟ್ಟ. 455ರಲ್ಲಿ ವಾಂಡಲರೆಂಬ ಜರ್ಮನಿಕ್ ಬುಡಕಟ್ಟಿನವರು ರೋಮ್ ನಗರವನ್ನು ಸೂರೆ ಮಾಡಿದರು. ಹಲ್ಮಿಡಿಯ ಕಲ್ಲಿನ ಮೇಲಿರುವುದೂ ಯುದ್ಧದ ಮಾತೇ: ಕೇಕಯ ಪಲ್ಲವರ ಮೇಲಿನ ಕಾಳಗದಲ್ಲಿ ಕಾದಿದ ವಿಜ ಅರಸನಿಗೆ ಪಲ್ಮಿಡಿ (ಈಗಿನ ಹಲ್ಮಿಡಿ), ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಕೊಟ್ಟದ್ದು. ಯುದ್ಧ ಮಾಡಿದವನಿಗೆ ಊರು ಉಂಬಳಿ ಬಿಡುವುದು ನಮ್ಮಲ್ಲಿ. ಸೈನಿಕನಿಗೆ ಚಿನ್ನದ ನಾಣ್ಯ ಎಣಿಸುವುದು, ಅದಕ್ಕಾಗಿ ರೈತನಿಂದ ಚಿನ್ನದಲ್ಲಿ ಕಂದಾಯ ಎತ್ತುವುದು ಅಲ್ಲಿ. ಮಕ್ಕಳಿಗೆ ಈ ಒಂದು ವ್ಯತ್ಯಾಸ ತೋರಿಸಿದರೆ ಎರಡು ರಾಜ್ಯಗಳ ರಚನೆಯೇ ಅರ್ಥವಾಗುತ್ತದೆ.

ಪ್ರಶ್ನೆ: ರೋಮ್ ನಗರವನ್ನು ಮುತ್ತಿದ ಅಲರಿಕ್ ಕಪ್ಪವಾಗಿ ಕರಿಮೆಣಸು ಕೇಳಿದ್ದ ಎಂದು ಬರೆದಿದ್ದಿರಿ. ಎಷ್ಟು ಮೆಣಸು? ಅದು ನಮ್ಮ ಮಲೆನಾಡಿನ ಮೆಣಸೇ?
(ಕಾಫಿ, ಮೆಣಸು ಬೆಳೆಗಾರರು, ಮೂಡಿಗೆರೆ)

ಉತ್ತರ: 408ರ ಮುತ್ತಿಗೆಯಲ್ಲಿ ಗಾತ್ ಜನರ ದೊರೆ ಅಲರಿಕ್ ಕೇಳಿದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ನಿಲುವಂಗಿ, ಕೆಂಪು ಬಣ್ಣ ಹಾಕಿದ 3,000 ತೊಗಲು, ಮತ್ತು 3,000 ಪೌಂಡ್ ಮೆಣಸು. ರೋಮನ್ ಪೌಂಡ್ ಈಗಿನ ಪೌಂಡಿಗಿಂತ ಹಗುರ, ಸುಮಾರು 325 ಗ್ರಾಂ. ಲೆಕ್ಕ ಹಾಕಿದರೆ 975 ಕೆ.ಜಿ. ಆಸುಪಾಸು, ನಿಮ್ಮ 50 ಕೆ.ಜಿ. ಚೀಲದಲ್ಲಿ ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ. ಈ ಪಟ್ಟಿ ನಮಗೆ ದೊರೆತಿರುವುದು ಜೋಸಿಮಸ್ ಎಂಬ ಗ್ರೀಕ್ ಲೇಖಕನಿಂದ. ಅವನು ಬರೆದದ್ದು ಘಟನೆಯಾಗಿ ಸುಮಾರು ನೂರು ವರ್ಷದ ನಂತರ, ಆದರೆ ಈ ಭಾಗಕ್ಕೆ ಅವನು ಆಧಾರ ಮಾಡಿಕೊಂಡದ್ದು ಅದೇ ಕಾಲದಲ್ಲಿದ್ದ ಒಲಿಂಪಿಯೊಡೋರಸ್‌ನ ಬರಹ. ಮೂಲ ಕಳೆದುಹೋಗಿದೆ, ನಕಲು ಉಳಿದಿದೆ. ಹಾಗಾಗಿ ಅಂಕಿಗಳನ್ನು ನಂಬಬಹುದು, ಕಣ್ಣುಮುಚ್ಚಿ ಅಲ್ಲ.

ಎಲ್ಲಿಯ ಮೆಣಸು ಎಂಬುದಕ್ಕೆ ಒಳ್ಳೆಯ ಸಾಕ್ಷಿ 6ನೇ ಶತಮಾನದ ಕಾಸ್ಮಾಸ್ ಎಂಬ ಅಲೆಕ್ಸಾಂಡ್ರಿಯದ ವರ್ತಕನದು. 'ಮಲೆ' ಎಂಬ ನಾಡಿನಲ್ಲಿ ಮೆಣಸು ಬೆಳೆಯುತ್ತದೆ, ಅದು ಎತ್ತರದ ಮರಕ್ಕೆ ಹಬ್ಬುವ ಬಳ್ಳಿ, ಅದನ್ನು ಸಾಗಿಸುವ ಬಂದರುಗಳು ಐದು ಎಂದು ಅವನು ಹೆಸರು ಹಿಡಿದು ಹೇಳುತ್ತಾನೆ: ಪಾರ್ತಿ, ಮಂಗರೂತ್, ಸಲೊಪಟ್ಟಣ, ನಲೊಪಟ್ಟಣ, ಪುಡೊಪಟ್ಟಣ. ಮಂಗರೂತ್ ಎಂದರೆ ಮಂಗಳೂರು ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಘಟ್ಟ ಇಳಿದರೆ ನಿಮಗೆ ಅದೇ ಬಂದರು. ಆದರೆ ಕಾಸ್ಮಾಸ್ ಹೇಳುವುದು ಬಂದರಿನ ಹೆಸರು, ತೋಟದ ಹೆಸರಲ್ಲ. ಅಷ್ಟಕ್ಕೇ ನಿಲ್ಲಬೇಕು.

ಬರಹ ಬಿಟ್ಟರೆ ಉಳಿದ ಸಾಕ್ಷಿ ಮಣ್ಣಿನದು. ಮೆಣಸಿನ ಕಾಳು ಮಣ್ಣಿನಲ್ಲಿ ಉಳಿಯುವುದು ಮುಖ್ಯವಾಗಿ ಮೂರು ಸ್ಥಿತಿಯಲ್ಲಿ: ಮರುಭೂಮಿಯ ಒಣಗು, ಸದಾ ನೀರು ನಿಂತ ಕೆಸರು, ಅಥವಾ ಸುಟ್ಟು ಇದ್ದಿಲಾದದ್ದು. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ, ಭಾರತದಲ್ಲೇ ಮಾಡಿದ ದೊಡ್ಡ ಹರವಿಯಲ್ಲಿ 7.5 ಕೆ.ಜಿ. ಕರಿಮೆಣಸು ಹಾಗೇ ಸಿಕ್ಕಿದ್ದು ಆ ಒಣಗಿನಿಂದ. ಅದು 1ನೇ ಶತಮಾನದ್ದು. ಆ ಬಂದರು ಆಮೇಲೆ ಸೊರಗಿ, 4ನೇ ಶತಮಾನದ ನಡುವಿನಿಂದ ಮತ್ತೆ ಚೇತರಿಸಿಕೊಂಡು, 6ನೇ ಶತಮಾನದಲ್ಲಿ ಪಾಳುಬಿತ್ತು. ನಮ್ಮ ಮಲೆನಾಡಿನ ಮಣ್ಣು ನಾಲ್ಕು ತಿಂಗಳು ನೆನೆದು ಎಂಟು ತಿಂಗಳು ಆರುತ್ತದೆ, ಹುಳಿಮಣ್ಣು ಬೇರೆ. ಸುಡದ ಕಾಳು ಕೆಲವೇ ವರ್ಷಕ್ಕೆ ಗೊಬ್ಬರ. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ಒಲೆಯ ಬೂದಿ, ಸುಟ್ಟ ಕಸದ ಗುಂಡಿ. ಸಂಶೋಧಕರ ವಿಧಾನ ಸರಳ: ಒಂದೇ ಪದರದ 10ರಿಂದ 20 ಲೀಟರ್ ಮಣ್ಣು ತೆಗೆದು ನೆರಳಲ್ಲಿ ಆರಿಸಿ, ನೀರಿನ ಡ್ರಮ್ಮಿಗೆ ನಿಧಾನ ಸುರಿದು ಕಲಕಬೇಕು. ಇದ್ದಿಲಾದ ಕಾಳು ತೇಲುತ್ತದೆ. ಮೇಲಿನ ನೀರನ್ನು ಕಾಲು ಮಿ.ಮೀ. ಕಣ್ಣಿನ ಜಾಲರಿಗೆ ಬಸಿದು, ತಳದ ಮಣ್ಣನ್ನು ಒಂದು ಮಿ.ಮೀ. ಜರಡಿಯಲ್ಲಿ ತೊಳೆಯಬೇಕು. ಜಾಲರಿಯನ್ನು ಬಿಸಿಲಿಗಿಟ್ಟರೆ ಇದ್ದಿಲು ಸೀಳಿ ಪುಡಿಯಾಗುತ್ತದೆ. ಇಲ್ಲಿ ಕೆಡುವುದು ಹೆಚ್ಚಾಗಿ ಈ ಅವಸರದಿಂದಲೇ.

ಮೆಣಸು ಆ ಸಮಾಜದಲ್ಲಿ ಎಲ್ಲಿಯವರೆಗೆ ಮುಟ್ಟಿತ್ತು ಎಂಬುದಕ್ಕೆ ಇಂಗ್ಲೆಂಡಿನ ಸಫೋಕ್‌ನ ಹಾಕ್ಸನ್ (Hoxne) ಎಂಬ ಹಳ್ಳಿಯ ಹೊಲದಲ್ಲಿ 1992ರಲ್ಲಿ ಸಿಕ್ಕ ನಿಧಿಯನ್ನು ನೋಡಬೇಕು. ಹದಿನೈದು ಸಾವಿರದಷ್ಟು ನಾಣ್ಯಗಳ ಜೊತೆ ಬೆಳ್ಳಿಯ ನಾಲ್ಕು ಮೆಣಸಿನ ಡಬ್ಬಿಗಳು. ಒಂದು ಸಿರಿವಂತ ಹೆಂಗಸಿನ ಅರ್ಧಾಕೃತಿ, ಎತ್ತರ ಹತ್ತು ಸೆಂ.ಮೀ. ಚಿಲ್ಲರೆ, ಅಲ್ಲಲ್ಲಿ ಚಿನ್ನದ ಲೇಪ. ಒಳಗೆ ಪೊಳ್ಳು. ಬುಡದಲ್ಲಿ ತಿರುಗುವ ಬಿಲ್ಲೆಯಿದೆ: ಒಂದು ತಿರುವಿಗೆ ಪೂರ್ತಿ ಮುಚ್ಚುತ್ತದೆ, ಇನ್ನೊಂದಕ್ಕೆ ಪುಡಿ ತುಂಬಲು ದೊಡ್ಡ ಬಾಯಿ ತೆರೆಯುತ್ತದೆ, ಮೂರನೆಯದಕ್ಕೆ ಸಣ್ಣ ತೂತುಗಳು ಬಂದು ಉದುರಿಸಲು ಬರುತ್ತದೆ. ಪಶ್ಚಿಮ ಘಟ್ಟದ ಸೀಮೆಯ ಬಳ್ಳಿಯ ಕಾಳು ಪುಡಿಯಾಗಿ ಸಾಮ್ರಾಜ್ಯದ ವಾಯವ್ಯ ಅಂಚಿನ ಆ ಊಟದ ಮೇಜಿಗೆ ಬೀಳುತ್ತಿತ್ತು. ಆ ನಿಧಿಯ ಕೊನೆಯ ನಾಣ್ಯಗಳು 407–408ರವು. ಅಂದರೆ ಅಲರಿಕ್ ಮೆಣಸು ಕೇಳಿದ ವರ್ಷದ ಆಸುಪಾಸು. ಕಂಡವನು ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದ್ದರಿಂದ, ಅದೆಲ್ಲ ಮರದ ಪೆಟ್ಟಿಗೆಯಲ್ಲಿ ಸಣ್ಣ ಪೆಟ್ಟಿಗೆಗಳಾಗಿ ಜೋಡಿಸಿಟ್ಟಿದ್ದು, ನಡುವೆ ಹುಲ್ಲು ತುರುಕಿದ್ದು ಎಂಬುದೂ ತಿಳಿಯಿತು.

ಪ್ರಶ್ನೆ: ಮನೆಯ ಹಳೆಯ ಕಾಸಿನ ಸರದಲ್ಲಿ ಒಂದು ಕಾಸು ಮಿಕ್ಕವುಗಳಂತಿಲ್ಲ. ಒಂದು ಕಡೆ ಶಿರಸ್ತ್ರಾಣ ತೊಟ್ಟ ಮುಖ, ಭುಜದ ಮೇಲೆ ಈಟಿ. ಇನ್ನೊಂದು ಕಡೆ ರೆಕ್ಕೆಯಿರುವ ಆಕೃತಿ, ಕೈಯಲ್ಲಿ ಶಿಲುಬೆ. ಮೇಲ್ಗಡೆ ಎರಡು ತೂತು. ರೋಮನ್ ನಾಣ್ಯವೇ? ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಅಕ್ಕಸಾಲಿಗರಲ್ಲಿ ಒರೆ ಹಚ್ಚಿಸಲೇ?
(ಗೃಹಿಣಿ, ಹಾಸನ)

ಉತ್ತರ: ತೊಳೆಯಬೇಡಿ, ಒರೆಗಲ್ಲಿಗೂ ಉಜ್ಜಿಸಬೇಡಿ. ನೀವು ವರ್ಣಿಸಿದ ರೂಪ 5ನೇ ಶತಮಾನ ಮತ್ತು 6ರ ಮೊದಲ ಭಾಗದ ಸಾಲಿಡಸ್ ಎಂಬ ಚಿನ್ನದ ನಾಣ್ಯಕ್ಕೆ ಸರಿಯಾಗಿ ಹೊಂದುತ್ತದೆ. ಕರ್ನಾಟಕದಲ್ಲಿ ಇಂಥವು ಸಿಕ್ಕಿವೆ: ಹಾನಗಲ್ ಸೀಮೆಯ ಅಕ್ಕಿಆಲೂರಿನ ನಿಧಿಯಲ್ಲಿ ಎರಡನೇ ಥಿಯೊಡೋಸಿಯಸ್‌ನಿಂದ ಮೊದಲನೇ ಜಸ್ಟಿನ್‌ವರೆಗಿನ ಚಿನ್ನದ ನಾಣ್ಯಗಳಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕವು ಬೇರೆ ಕಾಲದವು, ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ 'ರೋಮನ್ ವ್ಯಾಪಾರ' ಎಂದುಬಿಡುವ ಅಭ್ಯಾಸ ಇದೆ. ನಡುವೆ ನಾನೂರು ವರ್ಷದ ಅಂತರವಿದೆ. ಎರಡು ತೂತೂ ಹೊಸದೇನಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಮುಖದ ಮೇಲ್ಭಾಗದಲ್ಲಿ ಹೀಗೇ ಜೋಡಿ ತೂತುಗಳಿವೆ; ಧರಿಸಿದಾಗ ಮುಖ ನೆಟ್ಟಗೆ ನಿಲ್ಲಬೇಕೆಂದು ಕೊರೆದದ್ದು. ನಿಮ್ಮ ಕಾಸಿನ ತೂತುಗಳು ಮುಖದ ನೆತ್ತಿಯ ನೇರಕ್ಕಿವೆಯೇ, ಅಂಚು ಸವೆದು ನುಣುಪಾಗಿದೆಯೇ ನೋಡಿ. ಹೊಸದಾಗಿ ಡ್ರಿಲ್ ಮಾಡಿದ ತೂತಿನ ಒಳಗೆ ಸುತ್ತುಗೆರೆ ಕಾಣುತ್ತದೆ.

ಮೊದಲು ತೂಕ. 4ನೇ ಶತಮಾನದ ಆರಂಭದ ಚಕ್ರವರ್ತಿ ಕಾನ್‌ಸ್ಟಂಟೈನ್ ಈ ನಾಣ್ಯವನ್ನು ಹೊರಡಿಸಿದಾಗ ಒಂದು ಪೌಂಡ್ ಚಿನ್ನಕ್ಕೆ 72 ಎಂದು ಗೊತ್ತುಮಾಡಿದ. ಅಂದರೆ ಒಂದಕ್ಕೆ 4.5 ಗ್ರಾಂ. ಆ ತೂಕ ಹಲವು ಶತಮಾನ ಅಲುಗಲಿಲ್ಲ. ಅಡ್ಡಳತೆ ಸುಮಾರು 20–21 ಮಿ.ಮೀ. ಸರದಲ್ಲಿ ಸವೆದದ್ದು, ತೂತಿನಲ್ಲಿ ಹೋದದ್ದು ಕಳೆದರೂ 4.2ರಿಂದ 4.45 ಗ್ರಾಂ ಇರಬೇಕು. ನಾಲ್ಕಕ್ಕಿಂತ ತೀರಾ ಕೆಳಗಿದ್ದರೆ ಅದು ಇಲ್ಲೇ ಮಾಡಿದ ಹಳೆಯ ಅನುಕರಣೆ ಇರಬಹುದು. ಹಾಗಿದ್ದರೆ ಬೇಸರಪಡಬೇಕಿಲ್ಲ. ಲಿಪಿ ಗೊತ್ತಿಲ್ಲದ ಅಕ್ಕಸಾಲಿಗ ಅಕ್ಷರಗಳನ್ನು ಗೀಟುಗಳಾಗಿ ಕೊರೆದ ಇಂಥ ಅನುಕರಣೆಗಳು, ಯಾರು ಯಾಕೆ ಈ ನಾಣ್ಯವನ್ನು ಬಯಸಿದರು ಎಂಬ ಪ್ರಶ್ನೆಗೆ ಅಸಲಿಗಿಂತ ಹೆಚ್ಚು ಹೇಳುತ್ತವೆ.

ಆಮೇಲೆ ಅಕ್ಷರ. ಮುಖದ ಸುತ್ತ ಎಡದಿಂದ 'ಡಿ ಎನ್' ಎಂದು ಶುರುವಾಗಬೇಕು, 'ನಮ್ಮ ಒಡೆಯ' ಎಂದರ್ಥ. ನಂತರ ಹೆಸರು, ಕೊನೆಗೆ 'ಪಿ ಎಫ್ ಎವಿಜಿ' ಅಥವಾ 'ಪಿಪಿ ಎವಿಜಿ'. ಹಿಂಬದಿಯ ಸಾಲು 'ವಿಕ್ಟೋರಿಯಾ' ಎಂದು ಶುರುವಾಗಿ 'ಎವಿಜಿಜಿಜಿ' ಎಂದು ಮುಗಿದು, ಕೊನೆಯಲ್ಲಿ ಒಂದು ಗ್ರೀಕ್ ಅಕ್ಷರ ಇರುತ್ತದೆ. ಕಾನ್‌ಸ್ಟಾಂಟಿನೋಪಲ್ ಟಂಕಸಾಲೆಯ ಹತ್ತು ವಿಭಾಗಗಳಲ್ಲಿ ಅದು ಯಾವ ವಿಭಾಗದ್ದು ಎಂಬ ಗುರುತು. ಆಕೃತಿಯ ಕಾಲಡಿ 'ಕೊನೊಬ್'. 'ಕೊನ್' ಊರಿನ ಹೆಸರು. 'ಒಬ್' ಎಂದರೆ ಶುದ್ಧ ಮಾಡಿದ ಚಿನ್ನ. ಗ್ರೀಕ್ ಅಂಕಿಯಾಗಿ ಓದಿದರೆ ಅದೇ ಎರಡಕ್ಷರ 72 ಕೂಡ ಆಗುತ್ತದೆ. ಈ 'ಒಬ್' ಬಂದದ್ದು 368ರ ಸುಮಾರಿನಿಂದ. ಮೊದಲನೇ ಕಾನ್‌ಸ್ಟಂಟೈನ್‌ನ ಹೆಸರಿದ್ದು ಕೆಳಗೆ 'ಕೊನೊಬ್' ಎಂದಿದ್ದರೆ ಅಲ್ಲೇ ಅನುಮಾನ ಹುಟ್ಟಬೇಕು. ಮುಖ ಓರೆಯಾಗಿರದೆ ನೇರವಾಗಿ ನಿಮ್ಮನ್ನೇ ನೋಡುತ್ತಿದ್ದು ಕೈಯಲ್ಲಿ ಶಿಲುಬೆಯ ಗೋಳ ಇದ್ದರೆ ಅದು ಜಸ್ಟಿನಿಯನ್‌ನ ಆಳ್ವಿಕೆಯ 538ರ ಸುಮಾರಿನಿಂದ ಈಚಿನದು.

ಚಿನ್ನ ಪರೀಕ್ಷೆಗೆ ಒರೆಗಲ್ಲು ಬೇಡ, ನೀರು ಸಾಕು. ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಕಾಸನ್ನು ತೆಳು ನೂಲಿನಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ಕಾಸು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಕಾಸಿನ ತೂಕವನ್ನು ಅದರಿಂದ ಭಾಗಿಸಿ. 4.40 ಗ್ರಾಂ ಕಾಸಿಗೆ 0.23 ಬಂದರೆ ಉತ್ತರ 19ರ ಮೇಲೆ, ಬಹುತೇಕ ಅಪರಂಜಿ. 0.25 ಬಂದರೆ 22 ಕ್ಯಾರಟ್. 0.42 ಬಂದರೆ ಚಿನ್ನ ಲೇಪಿಸಿದ ಬೆಳ್ಳಿ, 0.52 ಬಂದರೆ ಹಿತ್ತಾಳೆ. ಇಲ್ಲಿ ತಪ್ಪಾಗುವುದು ಮೂರು ಕಡೆ. ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುವಂಥದ್ದಾದರೆ ಅದರಲ್ಲಿ 0.23 ಮತ್ತು 0.25ರ ವ್ಯತ್ಯಾಸ ನಂಬುವಂತಿಲ್ಲ, 0.001 ತೋರಿಸುವ ತಕ್ಕಡಿ ಬೇಕು. ತೂತಿನಲ್ಲಿ ಗಾಳಿಗುಳ್ಳೆ ನಿಂತರೆ ಒಳ್ಳೆಯ ಚಿನ್ನವೂ ಕಳಪೆಯಂತೆ ತೋರುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದರೆ ಗುಳ್ಳೆ ಬಿಡುತ್ತದೆ. ಕಾಸಿಗೆ ಕೊಂಡಿ ಬೆಸೆದಿದ್ದರೆ ಬೆಸುಗೆಯ ಲೋಹವೂ ಲೆಕ್ಕಕ್ಕೆ ಸೇರಿ ಅಂಕಿ ಇಳಿಯುತ್ತದೆ.

ಹುಣಸೆ, ನಿಂಬೆ, ಹಿತ್ತಾಳೆ ಪಾತ್ರೆ ಉಜ್ಜುವ ಪುಡಿ ಯಾವುದೂ ಹಳೆಯ ನಾಣ್ಯಕ್ಕೆ ತಾಗಬಾರದು. ಚಿನ್ನ ಕಿಲುಬು ಹಿಡಿಯುವುದಿಲ್ಲ, ಆದ್ದರಿಂದ ತೊಳೆಯುವ ಕಾರಣವೇ ಇಲ್ಲ. ಪುಡಿಯ ಗೆರೆ ಮಾತ್ರ ಉಳಿಯುತ್ತದೆ. ತಾಮ್ರದ ನಾಣ್ಯಕ್ಕಂತೂ ಹುಣಸೆ ಮೃತ್ಯು. ಅಕ್ಷರ ಉಳಿದಿರುವುದು ಆ ಹಸಿರು ಪದರದಲ್ಲೇ, ಹುಳಿ ತಿನ್ನುವುದೂ ಅದನ್ನೇ. ತಾಮ್ರದ ಮೇಲೆ ತಿಳಿಹಸಿರು ಹಿಟ್ಟಿನಂಥ ಪುಡಿ ಏಳುತ್ತಿದ್ದರೆ ಅದು ಒಳಗಿನ ಉಪ್ಪು ತೇವ ಕುಡಿದು ಲೋಹ ತಿನ್ನುತ್ತಿರುವ ರೋಗ. ಅಂಥ ನಾಣ್ಯವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿ, ತೇವಾಂಶ ಶೇ 40ಕ್ಕಿಂತ ಕೆಳಗಿಡಬೇಕು. ಸಕಲೇಶಪುರದ ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ಒಣಗಿಸದಿದ್ದರೆ ಅದು ಕೆಲಸ ಮಾಡುವುದಿಲ್ಲ. ಮೆತ್ತನೆಯ ಪಿವಿಸಿ ಆಲ್ಬಮ್ ಬೇಡ. ಅದು ಬಿಡುವ ಆಮ್ಲ ನಾಣ್ಯಕ್ಕೆ ಅಂಟುಹಸಿರು ಹಚ್ಚುತ್ತದೆ.

ಕಾನೂನಿನ ಮಾತು. ತಲೆತಲಾಂತರದಿಂದ ಬಂದ ಒಡವೆ ನಿಮ್ಮದೇ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೆ ಸೇರುತ್ತದೆ, ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕದ್ದಾದರೆ ಅದು ನಿಧಿ. ಜಿಲ್ಲಾಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಸರದಿಂದ ಕಾಸನ್ನು ಬಿಡಿಸುವ ಮೊದಲು ಪೂರ್ತಿ ಸರದ ಫೋಟೊ ತೆಗೆಯಿರಿ. ಪಕ್ಕದ ಕಾಸುಗಳು ಯಾವುವು, ಇದು ಎಷ್ಟನೆಯದು, ಸರ ಯಾವ ಮನೆತನದಿಂದ ಬಂತು ಎಂಬ ನಾಲ್ಕು ಸಾಲು ಬರೆದಿಟ್ಟರೆ ಸಂಶೋಧಕರಿಗೆ ಕಾಸಿಗಿಂತ ಅದರಿಂದಲೇ ಹೆಚ್ಚು ಉಪಯೋಗ.

ಪ್ರಶ್ನೆ: ಸೀಸದ ಕೊಳವೆಯ ನೀರು ಕುಡಿದು ರೋಮನ್ನರು ಬುದ್ಧಿಗೆಟ್ಟು ಸಾಮ್ರಾಜ್ಯ ಕಳೆದುಕೊಂಡರಂತೆ, ನಿಜವೇ?
(ಓದುಗರು, ಕಡೂರು)

ಉತ್ತರ: ಇಲ್ಲ. ರೋಮ್‌ನ ಬಂದರಿನ ಹೂಳನ್ನು ಪರೀಕ್ಷಿಸಿದ 2014ರ ಅಧ್ಯಯನದ ಪ್ರಕಾರ ನಲ್ಲಿ ನೀರಿನಲ್ಲಿ ಅಲ್ಲಿಯ ಊಟೆ ನೀರಿಗಿಂತ ಸುಮಾರು ನೂರು ಪಟ್ಟು ಸೀಸ ಇತ್ತು, ಆದರೆ ಜನರಿಗೆ ಗಂಭೀರ ಹಾನಿ ಮಾಡುವಷ್ಟಲ್ಲ. ಗಡಸು ನೀರಿನ ಸುಣ್ಣ ಕೊಳವೆಯ ಒಳಗೆ ಪದರ ಕಟ್ಟಿ ಸೀಸವನ್ನು ತಡೆಯುತ್ತಿತ್ತು, ನೀರು ನಿಲ್ಲದೆ ಹರಿಯುತ್ತಲೂ ಇತ್ತು. ಅಲ್ಲದೆ ಅದೇ ಕೊಳವೆ ಬಳಸಿದ ಪೂರ್ವಭಾಗ ಇನ್ನೂ ಸಾವಿರ ವರ್ಷ ಬಾಳಿತು.

ಪ್ರಶ್ನೆ: ಉಳುವಾಗ ಕೆಂಪು ಮಡಕೆ ಚೂರುಗಳು ಸಿಗುತ್ತವೆ. ಬರೀ ಚೂರಿನಿಂದ ಇಸವಿ ಹೇಳುತ್ತಾರೆ ಎಂದು ಬರೆದಿದ್ದಿರಿ. ಅದು ಹೇಗೆ? ನಮ್ಮ ಹೊಲದ ಚೂರುಗಳು ರೋಮನ್ನರವು ಆಗಿರಬಹುದೇ?
(ರೈತರು, ಅರಸೀಕೆರೆ)

ಉತ್ತರ: ಕಡೆಯ ಪ್ರಶ್ನೆಗೆ ಮೊದಲು: ಕೆಂಪಾದದ್ದೆಲ್ಲ ರೋಮನ್ ಅಲ್ಲ. ನಯವಾದ ಕೆಂಪು ಲೇಪದ ಮಡಕೆ ನಮ್ಮ ಕುಂಬಾರರೂ ಸಾವಿರಾರು ವರ್ಷ ಮಾಡಿದ್ದಾರೆ.

ಮೆಡಿಟರೇನಿಯನ್ ಸುತ್ತಿನಲ್ಲಿ ಕೆಲಸ ಮಾಡುವವರಿಗೆ ಅನುಕೂಲ ಹೆಚ್ಚು. ಈಗಿನ ಟ್ಯುನೀಷಿಯದಲ್ಲಿ ತಯಾರಾದ ಕೆಂಪು ಲೇಪದ ತಟ್ಟೆಗಳು ಹಡಗಿನಲ್ಲಿ ಬ್ರಿಟನ್‌ನಿಂದ ಸಿರಿಯದವರೆಗೆ ಹೋದವು. ಆಕಾರ ಕೆಲವೇ ದಶಕಕ್ಕೆ ಬದಲಾಗುತ್ತಿತ್ತು. ಜಾನ್ ಹೇಯ್ಸ್ 1972ರಲ್ಲಿ ಆ ಆಕಾರಗಳಿಗೆಲ್ಲ ನಂಬರು ಹಾಕಿ ಕಾಲ ಗೊತ್ತುಮಾಡಿದರು. ಇವತ್ತಿಗೂ ಎಲ್ಲರೂ ಆ ನಂಬರನ್ನೇ ಹೇಳುತ್ತಾರೆ. ವೈನು, ಎಣ್ಣೆ ತುಂಬುತ್ತಿದ್ದ ಜಾಡಿಗಳಿಗೂ ಹೀಗೇ: ಒಂದನೇ ನಂಬರಿನದು ಸಿಲೀಸಿಯ (ಈಗಿನ ಟರ್ಕಿಯ ದಕ್ಷಿಣ ಕರಾವಳಿ), ಸೈಪ್ರಸ್ ಕಡೆಯದು, ನಾಲ್ಕನೆಯದು ಗಾಜಾದ ವೈನಿನದು.

ಕೆಲಸ ಸಾಗುವುದು ಬಾಯಂಚಿನ ಚೂರಿನಿಂದ. ಹೊಟ್ಟೆಭಾಗದ ಚೂರು ತೂಗಲು ಮಾತ್ರ. ಬಾಯಂಚನ್ನು ಬೋರಲು ಹಾಕಿ, ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲಿಟ್ಟು, ಅಂಚಿನಡಿ ಬೆಳಕು ನುಸುಳದಂತೆ ಹೊಂದಿಸಿ, ಯಾವ ವೃತ್ತಕ್ಕೆ ಕೂರುತ್ತದೆ ನೋಡುತ್ತಾರೆ. ಅದು ಬಾಯಿಯ ಅಗಲ. ಪೂರ್ತಿ ವೃತ್ತದಲ್ಲಿ ಶೇಕಡ ಎಷ್ಟು ಉಳಿದಿದೆ ಎಂದೂ ಬರೆದುಕೊಳ್ಳುತ್ತಾರೆ. ಬರೀ ಚೂರು ಎಣಿಸಿದರೆ ಮೋಸ, ಒಂದೇ ಹರವಿ ಇನ್ನೂರು ಚೂರಾಗುತ್ತದೆ, ತಟ್ಟೆ ಹತ್ತಾಗುತ್ತದೆ. ಆಮೇಲೆ ಇಕ್ಕಳದಿಂದ ಅಂಚನ್ನು ಚೂರೇ ಚೂರು ಮುರಿದು, ಹೊಸ ಮುರಿತವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡುತ್ತಾರೆ: ಮರಳೇ, ಸುಣ್ಣವೇ, ಕಾಗೆಬಂಗಾರವೇ. ಹಳೆಯ ಮುರಿತದ ಮೇಲೆ ಮಣ್ಣು ಕೂತಿರುವುದರಿಂದ ಏನೂ ಕಾಣುವುದಿಲ್ಲ.

ಇಲ್ಲಿ ಒಂದು ಸುತ್ತುವಾದದ ಅಪಾಯ ಇದೆ. ತಟ್ಟೆಗೆ ಇಸವಿ ಬಂದದ್ದು ಜೊತೆಯಲ್ಲಿ ಸಿಕ್ಕ ನಾಣ್ಯದಿಂದ. ಆದರೆ ನಾಣ್ಯ ಹೇಳುವುದು 'ಇದಕ್ಕಿಂತ ಮೊದಲಲ್ಲ' ಎಂದು ಮಾತ್ರ. 4ನೇ ಶತಮಾನದ ತಾಮ್ರದ ಕಾಸು ಮುಂದಿನ ಶತಮಾನದಲ್ಲೂ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದನ್ನು ಮರೆತರೆ ಊರುಗಳೆಲ್ಲ ನೂರು ವರ್ಷ ಮೊದಲೇ ಪಾಳುಬಿದ್ದಂತೆ ಬರೆದುಬಿಡುತ್ತೇವೆ. ಹಿಂದೆ ಹಾಗೆ ಬರೆದದ್ದೂ ಉಂಟು.

ಭಾರತದಲ್ಲಿ ಆದ ದೊಡ್ಡ ತಿದ್ದುಪಡಿ ಜಾಡಿಯದು. ನಮ್ಮ ಪಶ್ಚಿಮ ಕರಾವಳಿಯಲ್ಲಿ 'ರೋಮನ್ ವೈನ್ ಜಾಡಿ' ಎಂದು ಪಟ್ಟಿಯಾಗಿದ್ದ ಎಷ್ಟೋ ಚೂರುಗಳನ್ನು ರಾಬರ್ಟಾ ಟಾಂಬರ್ ಮತ್ತೆ ನೋಡಿ, ಅವು ಮೆಸೊಪೊಟೇಮಿಯ ಕಡೆಯ, ಹಿಡಿಯಿಲ್ಲದ ಉದ್ದನೆ ಜಾಡಿಗಳು ಎಂದು ತೋರಿಸಿದರು. ಗುರುತು ಸುಲಭ: ಒಳಮೈಗೆ ಡಾಂಬರಿನಂಥ ಕಪ್ಪು ಲೇಪ. ಅಂದರೆ ಕಡೆಗಾಲದ ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಪರ್ಷಿಯದವರ ಪಾಲು ಅಂದುಕೊಂಡದ್ದಕ್ಕಿಂತ ದೊಡ್ಡದು. ನಿಮ್ಮ ಹೊಲದ ಚೂರುಗಳಲ್ಲಿ ಬಾಯಂಚು, ಬುಡ, ಗೆರೆ ಚಿತ್ತಾರ ಇದ್ದವುಗಳನ್ನು ಸ್ಕೇಲು ಇಟ್ಟು ಫೋಟೊ ತೆಗೆದು, ಸರ್ವೆ ನಂಬರು, ಹೊಲದ ಯಾವ ಮೂಲೆ ಎಂದು ಬರೆದು ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ತೋರಿಸಿ. ಚೂರು ಹೆಕ್ಕಲೆಂದು ಗುಂಡಿ ತೋಡಬೇಡಿ.

ಪ್ರಶ್ನೆ: ಇತಿಹಾಸ ಎಂ.ಎ. ಮಾಡುತ್ತಿದ್ದೇನೆ. ಈ ಕಾಲದ ಮೇಲೆ ಸಂಶೋಧನೆ ಮಾಡುವ ಆಸೆ. ಇಲ್ಲೇ ಇದ್ದುಕೊಂಡು ಹೇಗೆ ಶುರು ಮಾಡಲಿ?
(ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ಲ್ಯಾಟಿನ್ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ, ದಿನಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಬೇಕು. ನಂತರ ಗ್ರೀಕ್. ಓದುವಷ್ಟು ಜರ್ಮನ್. ಭಾಷೆ ಬರುವವರೆಗೆ ಕಾಯದೆ ಈಗಲೇ ಮಾಡಬಹುದಾದ ಅಭ್ಯಾಸ ಒಂದಿದೆ, ಅದಕ್ಕೆ ನಿಮ್ಮ ಕೈಯಲ್ಲೇ ಸಲಕರಣೆ ಇದೆ.

ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಕಡೂರು ಜಿಲ್ಲೆಯ ಸಂಪುಟ ತೆಗೆಯಿರಿ. ನಿಮ್ಮ ಜಿಲ್ಲೆಗೆ ಆಗ ಅದೇ ಹೆಸರು. ಹೊಯ್ಸಳ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ನಾಲ್ಕೂ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಎಷ್ಟೋ ಕಡೆ ಹೊಂದುವುದಿಲ್ಲ. ತಪ್ಪಿದ್ದು ಯಾವುದು, ಯಾಕೆ ಎಂದು ತೀರ್ಮಾನಿಸಿ. ರೋಮನ್ ಕಡೆಗಾಲದ ಸಂಶೋಧಕರು ದಿನಾ ಮಾಡುವುದು ಇದನ್ನೇ, ಎರಡನೇ ಥಿಯೊಡೋಸಿಯಸ್‌ನ ಕಾನೂನು ಸಂಗ್ರಹದ ಮೇಲೆ. 438ರಲ್ಲಿ ಹೊರಬಂದ ಹದಿನಾರು ಭಾಗಗಳ ಸಂಗ್ರಹ ಅದು. ಜರ್ಮನ್ ವಿದ್ವಾಂಸ ಮಾಮ್ಸೆನ್ ಸಿದ್ಧಪಡಿಸಿದ ಆವೃತ್ತಿ 1905ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ಪ್ರತಿ ಕಾನೂನಿನ ತಲೆಯಲ್ಲಿ ಚಕ್ರವರ್ತಿಗಳ ಹೆಸರು, ಯಾವ ಅಧಿಕಾರಿಗೆ ಬರೆದದ್ದು ಎಂದಿರುತ್ತದೆ. ಬುಡದಲ್ಲಿ ತಾರೀಖು, ಊರು, ಆ ವರ್ಷದ ಇಬ್ಬರು ಕಾನ್ಸಲರ ಹೆಸರು. ಕಾನ್ಸಲರೆಂದರೆ ವರ್ಷಕ್ಕೊಮ್ಮೆ ನೇಮಕವಾಗುವ ಹಿರಿಯ ಅಧಿಕಾರಿಗಳು, ವರ್ಷವನ್ನು ಗುರುತಿಸುತ್ತಿದ್ದುದು ಅವರ ಹೆಸರಿನಿಂದಲೇ. ತಾರೀಖಿನ ಹಿಂದಿನ ಪದ ಗಮನಿಸಿ: ಹೊರಡಿಸಿದ ದಿನವೇ, ತಲುಪಿದ ದಿನವೇ, ಊರಲ್ಲಿ ಅಂಟಿಸಿದ ದಿನವೇ. ಒಂದೇ ಕಾನೂನಿಗೆ ಇವುಗಳ ನಡುವೆ ತಿಂಗಳುಗಳ ಅಂತರ ಇರಬಹುದು.

ನಮ್ಮ ಸಂವತ್ಸರ ಅರವತ್ತು ವರ್ಷಕ್ಕೆ ಮರುಕಳಿಸುವಂತೆ ಕಾನ್ಸಲರ ಹೆಸರೂ ಮರುಕಳಿಸುತ್ತದೆ. ಚಕ್ರವರ್ತಿಗಳಾಗಿದ್ದ ವಾಲೆಂಟಿನಿಯನ್ ಮತ್ತು ವಾಲೆನ್ಸ್ ಅಣ್ಣತಮ್ಮಂದಿರು ಜೊತೆಯಾಗಿ ಕಾನ್ಸಲರಾದದ್ದು ನಾಲ್ಕು ಸಲ: 365, 368, 370, 373. ಎರಡನೇ ಸಲ, ಮೂರನೇ ಸಲ ಎಂಬ ಅಂಕಿಯನ್ನು ನಕಲುಗಾರ ಬಿಟ್ಟರೆ ನಾಲ್ಕು ವರ್ಷವೂ ಒಂದೇ ಆಗಿಬಿಡುತ್ತದೆ. ಇದನ್ನು ಬಿಡಿಸುವ ದಾರಿಯನ್ನು ಓಟ್ಟೊ ಜೇಕ್ 1919ರಲ್ಲಿ ತೋರಿಸಿದರು: ಚಕ್ರವರ್ತಿ ಯಾವ ದಿನ ಯಾವ ಊರಿನಲ್ಲಿದ್ದ, ಅಧಿಕಾರಿ ಯಾವ ವರ್ಷ ಆ ಹುದ್ದೆಯಲ್ಲಿದ್ದ ಎಂಬ ಎರಡು ಪಟ್ಟಿ ಮಾಡಿ ಒಂದರ ಮೇಲೊಂದು ಇಡುವುದು. ಅಧಿಕಾರಿಗಳ ಹೆಸರಿಗೆ ಈಗ 260ರಿಂದ 641ರವರೆಗಿನ ವ್ಯಕ್ತಿಕೋಶ ಮೂರು ಸಂಪುಟದಲ್ಲಿದೆ.

ಹೀಗೊಂದು ಕಾನೂನು ಎಂದುಕೊಳ್ಳಿ: ವಾಲೆಂಟಿನಿಯನ್ ಹೊರಡಿಸಿದ್ದು, ಗಾಲ್ (ಈಗಿನ ಫ್ರಾನ್ಸ್ ಕಡೆಯ) ಪ್ರಾಂತ್ಯಗಳ ಮಹಾಧಿಕಾರಿ ವಿವೆಂಟಿಯಸ್‌ಗೆ ಬರೆದದ್ದು, ಊರು ಈಗಿನ ಜರ್ಮನಿಯ ಟ್ರಿಯರ್, ಕಾನ್ಸಲರು ವಾಲೆಂಟಿನಿಯನ್ ಮತ್ತು ವಾಲೆನ್ಸ್, ಅಂಕಿ ಇಲ್ಲ. ವಾಲೆಂಟಿನಿಯನ್ ಟ್ರಿಯರ್‌ಗೆ ಬಂದು ನೆಲೆಸಿದ್ದು 367ರ ಕೊನೆಯ ಹೊತ್ತಿಗೆ, 365 ಹೋಯಿತು. ವಿವೆಂಟಿಯಸ್ ಆ ಹುದ್ದೆಯಲ್ಲಿದ್ದದ್ದು 368ರಿಂದ 371, 373ಕ್ಕೂ ಜಾಗವಿಲ್ಲ. ಉಳಿದವು 368 ಮತ್ತು 370. ಈಗ ತಿಂಗಳು ನೋಡಿ. 368ರ ಬೇಸಿಗೆಯಲ್ಲಿ ಚಕ್ರವರ್ತಿ ರೈನ್ ನದಿ ದಾಟಿ ಅಲಮನ್ನರೆಂಬ ಜರ್ಮನಿಕ್ ಬುಡಕಟ್ಟಿನವರ ಮೇಲೆ ದಂಡೆತ್ತಿ ಹೋಗಿದ್ದ. ಕಾನೂನಿನ ತಾರೀಖು ಆ ದಂಡಯಾತ್ರೆಯ ವಾರಗಳೊಳಗೆ ಬಿದ್ದರೆ ಕಾನೂನು 370ರದು.